ಒಗೆಬಟ್ಟೆಯ ಲೆಕ್ಕ

ಅಯೋವಾ, 1918

ಹೆಸರು ಗೊತ್ತಿರಲಿಲ್ಲ ನನಗೆ, ಹರಕು ಗೊತ್ತಿತ್ತು.
ಬಲ ಮೊಣಕೈ ಸವೆದದ್ದು ಒಬ್ಬನದು,
ಕತ್ತುಪಟ್ಟಿ ಕಚ್ಚಿ ಕಚ್ಚಿ ನೂಲೆದ್ದದ್ದು ಇನ್ನೊಬ್ಬನದು,
ತಂಬಾಕಿನ ಕಲೆ, ಯಾರಿಗೂ ಹೇಳಬೇಡಿ ಎಂದು
ಹತ್ತು ಸೆಂಟು ಕೈಗಿಟ್ಟವನದು.
ಕಾಲೇಜಿನ ಫುಟ್‌ಬಾಲಿನ ಹದಿನೆಂಟು ಉಣ್ಣೆ ಜರ್ಸಿ
ಸೋಮವಾರ ಬರುತ್ತಿದ್ದವು ಕೆಸರಾಗಿ,
ಗುರುವಾರ ಹೋಗುತ್ತಿದ್ದವು ಮಡಿಯಾಗಿ.

ಸೆಪ್ಟೆಂಬರಿನಲ್ಲಿ ಹದಿನೆಂಟು ಒಂಬತ್ತಾಯಿತು.
ರೈಲು ಹತ್ತದೆ ಉಳಿದವರಿಗೂ ಖಾಕಿ ತೊಡಿಸಿದರು;
ಬೆಳಗ್ಗೆ ಕವಾಯತು, ಮಧ್ಯಾಹ್ನ ಕಂದಕ ತೋಡುವ ಪಾಠ,
ಚೆಂಡಿಗೆ ದಿನಕ್ಕೊಂದೇ ಗಂಟೆ.
ಕೋಚ್ ಫ್ರಾನ್ಸಿಗೆ ಹೋಗಿಬಿಟ್ಟ.
ಲ್ಯಾಟಿನ್ ಕಲಿಸುವ ಮುದುಕ ಆಲ್ವರ್ಡ್
ಸೀಟಿ ಕೊರಳಿಗೆ ಹಾಕಿಕೊಂಡು
ಊದಬಾರದ ಹೊತ್ತಿಗೆಲ್ಲ ಊದಿದ.

ಅಕ್ಟೋಬರಿನ ಮೊದಲ ಪಂದ್ಯಕ್ಕೆ
ಆರೋಗ್ಯಾಧಿಕಾರಿ ಬೇಲಿಗೆ ಕಾಗದ ಅಂಟಿಸಿದ:
ಆಡಬಹುದು, ನೋಡಕೂಡದು.
ನನ್ನ ಹಗ್ಗವೋ ಬೇಲಿಯ ಈಚೆಗೇ ಇತ್ತು,
ಒಣಹಾಕಲು ಯಾರ ಅಪ್ಪಣೆ?
ಹಾಗೆ ನಾನೊಬ್ಬಳೇ ಆ ದಿನದ ಇಡೀ ಜನಜಂಗುಳಿ.
ಬಾಯಲ್ಲಿ ಎರಡು ಮರದ ಕ್ಲಿಪ್ಪು, ಕೊರಳಲ್ಲಿ ಕರ್ಪೂರದ ಗಂಟು.

ಆ ಆಟ ನನಗೆ ಈಗಲೂ ತಿಳಿಯದು.
ಸಾಲಾಗಿ ಬಗ್ಗುತ್ತಾರೆ, ಏನೋ ಅಂಕಿ ಕೂಗುತ್ತಾರೆ,
ಧಡಾರನೆ ಒಬ್ಬರ ಮೇಲೊಬ್ಬರು ಬಿದ್ದು
ನಾನು ಮೂರು ದಿನ ಉಜ್ಜಬೇಕಾದ ರಾಶಿಯಾಗುತ್ತಾರೆ.
ರಾಶಿಯ ತಳದಿಂದ ಒಬ್ಬ ನುಸುಳಿ ಎದ್ದ,
ಚೆಂಡು ಹೊಟ್ಟೆಗೊತ್ತಿಕೊಂಡು ಓಡಿದ, ಕಂಬ ದಾಟಿದ,
ಎಂದಿನ ಅಭ್ಯಾಸಕ್ಕೆ
ಖಾಲಿ ಹಲಗೆಗಳತ್ತ ತಿರುಗಿ ಕೈಯೆತ್ತಿದ.
ಎತ್ತಿದ್ದನ್ನು ಇಳಿಸುವುದು ಹೇಗೆಂದು ತೋಚದೆ ನಿಂತ.
ಕೂಗೋಣವೆಂದರೆ ನನ್ನ ಬಾಯಿಗೆ ಬರುವುದು ಚೆಕ್;
ಬೀದಿಯಲ್ಲಿ ಪರಭಾಷೆ ಆಡಕೂಡದೆಂದು
ಆ ವರ್ಷ ರಾಜ್ಯಪಾಲನ ಆಜ್ಞೆ.
ಕೈಯಲ್ಲಿದ್ದ ಒದ್ದೆ ಹೊದಿಕೆಯನ್ನು
ಎರಡು ಸಲ ಜೋರಾಗಿ ಕೊಡವಿದೆ.
ನಕ್ಕ.
ಎಡ ಮೊಣಕೈಯಿಂದ ಗುರುತು ಹಿಡಿದೆ:
ಕಪ್ಪು ದಾರ ಅಂಗಡಿಯಲ್ಲೂ ಸಿಗದೆ
ಹಸಿರಲ್ಲಿ ಹೊಲಿದಿದ್ದೆನಲ್ಲ, ಅವನು.

ಮುಂದಿನ ಸೋಮವಾರ ಜರ್ಸಿ ಬರಲಿಲ್ಲ.
ವ್ಯಾಯಾಮಶಾಲೆಯಿಂದ ಗಾಡಿಯಲ್ಲಿ ಬಂದದ್ದು ಹಾಸುಬಟ್ಟೆ:
ನಲವತ್ತು. ಬುಧವಾರ ತೊಂಬತ್ತು.
ಮುಖವಾಡಗಳು ಬುಟ್ಟಿಗಟ್ಟಲೆ, ಲಾಡಿಗೆ ಲಾಡಿ ಸಿಕ್ಕಿಕೊಂಡು.
ಹಂಡೆ ಕೊತಕೊತ ಕುದಿಯಿತು ಹಗಲೂ ರಾತ್ರಿ.
ಕೆಸರು ಹೋಗುತ್ತದೆ, ಹುಲ್ಲಿನ ಕರೆಯೂ ಹೋಗುತ್ತದೆ.
ಮೂಗಿನ ನೆತ್ತರು ತಣ್ಣೀರಿಗಷ್ಟೇ ಬಗ್ಗುವುದು,
ಡಾಕ್ಟರು ಕುದಿಸು ಎಂದರು. ಕುದಿಸಿದೆ.
ಕಲೆ ಕಂದಾಗಿ ಅಲ್ಲೇ ಉಳಿಯಿತು.

ಪಂದ್ಯಗಳನ್ನು ಒಂದೊಂದೇ ಹೊಡೆದುಹಾಕಿದರು;
ಎದುರಾಳಿಗಳ ಊರೂ ಮಲಗಿತ್ತು.
ಪತ್ರಿಕೆಯಲ್ಲಿ ಅಕ್ಕಪಕ್ಕ ಎರಡು ಪಟ್ಟಿ,
ಅಲ್ಲಿ ಮಡಿದವರು, ಇಲ್ಲಿ ಮಡಿದವರು.
ನಾನು ಮಡಿಸುವವಳು.
ಮೂಲೆಗೆ ಮೂಲೆ ಸೇರಿಸಿ ಮಡಿಸಿದೆ.

ನವೆಂಬರಿನಲ್ಲಿ ಗಂಟೆ ಬಾರಿಸಿದರು ಎರಡು ಸಲ:
ಗುರುವಾರ ಸುಳ್ಳು ಸುದ್ದಿಗೆ, ಸೋಮವಾರ ನಿಜಕ್ಕೆ.
ನೊರೆಗೈಯಲ್ಲೇ ಬೀದಿಗೆ ಬಂದೆ.
ಜನ ಮುಖವಾಡ ಕಿತ್ತು ಗಾಳಿಗೆ ತೂರುತ್ತಿದ್ದರು.
ಇವನ್ನೆಲ್ಲ ಆರಿಸುವವರು ಯಾರು ಎಂದುಕೊಂಡೆ.

ತಿಂಗಳ ಕೊನೆಗೆ ಒಂದೇ ಒಂದು ಪಂದ್ಯ.
ಜರ್ಸಿ ಬಂದವು, ಎಣಿಸಿದೆ, ಸರಿಯಾಗಿ ಹನ್ನೊಂದು.
ಲೆಕ್ಕ ಸರಿಹೋದದ್ದಕ್ಕೇ ಎದೆ ಧಸಕ್ಕೆಂದಿತು.
ಹಸಿರು ತೇಪೆಯದೂ ಇತ್ತು. ಕತ್ತಿನೊಳಗಿನ ಹೆಸರಿನ ಚೀಟಿ
ಬಿಚ್ಚಿದ್ದರು; ಸೂಜಿತೂತುಗಳಷ್ಟೇ, ಇರುವೆಸಾಲಿನ ಹಾಗೆ.
ಹಿಂದೆಯೇ ಬಂದ ಹದಿನೇಳರ ಹುಡುಗನೊಬ್ಬ:
ತೋಳು ಉದ್ದ, ಮಿಸೆಸ್ ಕ್ರಾಟ್ಕಿ, ಗಿಡ್ಡ ಮಾಡಿಕೊಡಿ.
ಈ ಹಸಿರು ತೆಗೆದು ಕಪ್ಪು ಹಾಕಿ, ನಗುತ್ತಾರೆ.
ಅವನ ಹೆಸರೇನಿತ್ತು, ಎಂದೆ.
ನನ್ನದಾ? ಲೈಲ್ ಟ್ವೈಟ್, ಎಂದ.
ಹೂಂ, ಎಂದೆ.

ತೋಳು ಗಿಡ್ಡ ಮಾಡಿದೆ.
ಕಪ್ಪು ದಾರ ಆಗ ಅಂಗಡಿಗೆ ಬಂದಿತ್ತು,
ಬಂದಿಲ್ಲ ಎಂದೆ.
ಶನಿವಾರ ಹಲಗೆಗಳ ತುಂಬ ಜನ.
ನಾನು ಒಳಗೆ ಇಸ್ತ್ರಿ ಮಾಡುತ್ತಿದ್ದೆ,
ಹೋ ಎಂದು ಕೂಗು ಕೇಳಿಸಿತು, ಯಾರಿಗೋ.